ಕರೆವ್ವನ ನಾಕನೇ ಮೊನಿ

ಅರ್ಜುನಪ್ಪ ಪತ್ತಾರಗ ಸಾಕಾಗಿತ್ತು. ಏನು ಸಾಕಾಗಿತ್ತು ಅಂತ ಕೇಳಿದ್ರ ಅಂವಗೂ ನೆಟ್ಟಗ ಹೇಳಾಕ ಬರತಿದ್ದಿಲ್ಲ. ಮುಂಜಾನಿ ಎದ್ದರ ಸೊಂಟ ಸಾಕಾಗಿತ್ತು, ಮಧ್ಯಾಹ್ನಕ್ಕ ಕಣ್ಣು ಸಾಕಾಗತಿದ್ದವು, ಸಂಜಿ ಆದರ ಮಂದಿನ ಸಾಕಾಗತಿದ್ರು. ಗಜೇಂದ್ರಗಡದ ಬಜಾರದಾಗ ಅಂವಂದು ಪಾರಿವಾಳದ ಗೂಡಿನಂಥ ಒಂದು ಬಂಗಾರ-ಬೆಳ್ಳಿ ಕೆಲಸದ ಅಂಗಡಿ. ಒಂದು ಕಾಲದಾಗ ಅಲ್ಲೇ ಕೂತು ಮದಿಮಕ್ಕಳಿಗೆ ಡಾಬು ಮಾಡಿದ್ದ, ಬಾಜೂಬಂದ ಮಾಡಿದ್ದ. ಈಗ ಅವೆಲ್ಲ ಮಷೀನಿನ್ಯಾಗ ತಯಾರಾಗಿ ಪ್ಲಾಸ್ಟಿಕ್ ಡಬ್ಬ್ಯಾಗ ಕೂತು ಬರತಾವ. ಅರ್ಜುನಪ್ಪನ ಪಾಲಿಗೆ ಉಳಿದದ್ದು ಬರೇ ರಿಪೇರಿ. ಗೆಜ್ಜಿ ಕೊಂಡಿ ಹರೀತು, ಕುಂಕುಮದ ಭರಣಿ ಮುಚ್ಚಳ ಸಡ್ಲಾತು, ದೇವರ ಕಣ್ಣು ಉದುರಿತು. ಊರ ಮಂದಿ ಮುರದದ್ದನ್ನೆಲ್ಲ ತಂದು ಇವನ ಮುಂದ ಸುರದು "ಲಗೂ ಮಾಡಿ ಕೊಡ್ರಿ" ಅಂತ ನಿಲ್ಲತಿದ್ರು. ಲಗೂ ಅಂತ! ಲಗೂ ಅಂದ್ರ ಏನಂತ ಬೆಳ್ಳಿಗೆ ಗೊತ್ತೇನ್ರಿ?

ಹಂಥಾದ್ರಾಗ ಶ್ರಾವಣ ಮುಗಿಯೂ ಹೊತ್ತಿಗೆ ಮಲಪ್ರಭಾ ಹೊಳಿ ದಂಡಿ ಮೀರಿ ಹೊಳೆಮಣ್ಣೂರಿಗೆ ನುಗ್ಗಿತು. ನೀರು ಇಳದ ಮ್ಯಾಲ ಆ ಊರಿನ ನೀಲಾ ಅನ್ನೂ ಹೆಣ್ಣಮಗಳು ಒಂದು ಗೊಬ್ಬರ ಚೀಲ ಬಗಲಾಗ ಹಿಡಕೊಂಡು ಅಂಗಡಿ ಕಟ್ಟಿ ಹತ್ತಿದ್ಲು. ನೀಲಾನ ತವರುಮನಿ ಇಲ್ಲೇ ಸೂಡಿ. ಆಕಿ ಲಗ್ನದ ತಾಳಿ ಮಾಡಿದಾಂವ ಅರ್ಜುನಪ್ಪನ. ಹಿಂಗಾಗಿ ರೋಣದಾಗ ಪತ್ತಾರರಿದ್ರೂ ಬಸ್ ಬದಲಿಸಿ ಇಲ್ಲಿಗೇ ಬಂದಿದ್ಲು.

"ಕಾಕಾ, ಇವನ್ನೊಟು ನೋಡ್ರಿ," ಅಂತ ಚೀಲ ಬಿಚ್ಚಿದ್ಲು.

ಬರೇ ಮಣ್ಣಿನ ಹೆಂಟಿ. ಅರ್ಜುನಪ್ಪ ಒಂದನ್ನ ಎತ್ತಿ ಉಗುರಲೆ ಕೆರದ. ಒಳಗ ಕರ್ರಗಾದ ಚಮಚ. ದೊಡ್ಡ ಚಮಚ, ಸಣ್ಣ ಚಮಚ, ಸಾಹೇಬರು ಚುಚ್ಚಿ ತಿನ್ನೂ ಕಾಟಾಚಮಚ. ಗ್ವಾಡಿ ಬಿದ್ದ ಭಾರಕ್ಕ ಕೆಲವು ಕುಡಗೋಲಿನಂಗ ಬಾಗಿದ್ದವು, ಕೆಲವು ತಿರುಚಿದ್ದವು, ಒಂದು ಅಂಚಿನಿಂದ ಸೀಳಿತ್ತು. ಎಲ್ಲಾದರ ಹಿಡಿಕಿ ಹಿಂದ ಕಾಳಿನಷ್ಟ ಸಣ್ಣ ಸಿಂಹದ ಮುದ್ರಿ.

"ಇಂಗ್ಲೆಂಡಿನ ಬೆಳ್ಳಿ," ಅಂದ ಅರ್ಜುನಪ್ಪ. "ಸ್ಟರ್ಲಿಂಗ್ ಅಂತಾರ ಇದಕ್ಕ. ನಿಮ್ಮನಿಗೆ ಹ್ಯಾಂಗ ಬಂತವ್ವಾ ಇದು?"

"ನಮ್ಮ ಮಾವನ ಮುತ್ಯಾ ನರಗುಂದದಾಗ ಒಬ್ಬ ಸಾಹೇಬನ ಕುದರಿ ನೋಡಕೋತಿದ್ನಂತ್ರಿ. ಸಾಹೇಬ ತನ್ನ ದೇಶಕ್ಕ ಹೋಗೂ ಮುಂದ ಪೆಟಿಗಿ ಸಮೇತ ಕೊಟ್ಟು ಹೋದ್ನಂತ. ನಮ್ಮನ್ಯಾಗ ಹುಟ್ಟಿದ ಕೂಸಿಗೆಲ್ಲ ಮೊದಲನೇ ಅನ್ನ ಉಣಸೂದು ಇದರಲೇನ. ನನ್ನ ಮಗಳು ಭಾಗ್ಯಾನ ಕೂಸಿಗೆ ಇನ್ನ ಉಣಸಬೇಕ್ರಿ. ಮನಿ ಅಂತೂ ಹೋತು, ಇದರ ಇರ್ಲಿ ಅಂತ ತಂದೇನಿ."

ಆಕಿ ಅತ್ತಿ ಸಣ್ಣವ್ವ ನೀರಿನ ಥಂಡಿಗೆ ಜ್ವರ ಬಂದು ರೋಣದ ದವಾಖಾನ್ಯಾಗ ಮಲಗಿದ್ಲು. ಗಂಡ ಪರಶಪ್ಪ ಗೋವಾಕ್ಕ ದುಡಿಯಾಕ ಹೋದಾಂವ ಇನ್ನೂ ಬಂದಿದ್ದಿಲ್ಲ. ಬಿದ್ದ ಗ್ವಾಡಿ ಅಗದು ಸಾಮಾನು ಹೆಕ್ಕಿದಾಕಿ ನೀಲಾ ಒಬ್ಬಾಕಿನ. ಆಕಿ ಅಂಗೈಯಾಗಿನ ಬೊಬ್ಬಿ ನೋಡಿ ಅರ್ಜುನಪ್ಪಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಚೀಲ ಒಳಗ ಇಟ್ಟ.

ತಪ್ಪಾದದ್ದು ಇಲ್ಲೇ ನೋಡ್ರಿ. ಪತ್ತಾರ ಮಂದ್ಯಾಗ ಒಂದು ಪದ್ಧತಿ ಐತಿ. ಹಳೇ ಬೆಳ್ಳಿ ಯಾರ ತರಲಿ, ಬೆಂಕಿಗೆ ಹಿಡಿಯೂಕಿಂತ ಮೊದಲ ಕೇಳಬೇಕು: "ಇದರಾಗ ದೇವರದೇನರ ಐತೇನ್ರಿ?" ಐತಿ ಅಂದ್ರ ಹಂಗ ಬೆಂಕಿಗೆ ಹಿಡಿಯಂಗಿಲ್ಲ. ಒಂದು ತಂಬಗಿ ನೀರು ಇಟ್ಟು, ಊದಿನಕಡ್ಡಿ ಹಚ್ಚಿ, "ಯವ್ವಾ, ಕೆಲಸ ಮುಗಿಯೂ ತನಕ ಈ ನೀರಾಗ ಇರು" ಅಂತ ಬೇಡಿಕೊಂಡು ದೇವರನ್ನ ನೀರಿಗೆ ಇಳಸಬೇಕು. ಆಮ್ಯಾಲ ಅದು ಬರೇ ಬೆಳ್ಳಿ, ಬಡದ್ರೂ ನಡೀತೈತಿ, ಸುಟ್ಟರೂ ನಡೀತೈತಿ. ಈ ಮಾತು ಕೇಳಿ ಕೇಳಿ ಅರ್ಜುನಪ್ಪನ ನಾಲಿಗಿ ಸವದಿತ್ತು. ಆದರ ಅವತ್ತ ಕೇಳಲಿಲ್ಲ. ಸೊಂಟ ಹಿಡದಿತ್ತು, ಜೀವ ಹಣ್ಣಾಗಿತ್ತು. ಅದೂ ಅಲ್ಲದ ಚಮಚಕ್ಕ ಯಾರು ಹಿಂಗ ಕೇಳತಾರ್ರಿ?

ಕೆಲಸ ಮಾತ್ರ ಮನಸಿಟ್ಟು ಮಾಡಿದ. ಹುಣಸಿ ಹುಳಿಯಾಗ ಕುದಿಸಿ ಮಣ್ಣು ಕಳದ. ಬಾಗಿದ್ದನ್ನ ಕೆಂಡದ ಮ್ಯಾಲ ಮಂದಗ ಕಾಸಿ, ಮೆತ್ತಗಾದ ಮ್ಯಾಲ ಕಟಗಿ ಸುತ್ತಿಗಿಲೆ ಒಂದೊಂದ ಪೆಟ್ಟು ಹಾಕಿ ನೆಟ್ಟಗ ಮಾಡಿದ. ಕಬ್ಬಿಣದ ಸುತ್ತಿಗಿ ಮುಟ್ಟಿಸಿದ್ರ ಕಲೆ ಬೀಳತಾವ, ಹಳೇ ಬೆಳ್ಳಿ ಸಿಟ್ಟಿನ ಮುದುಕಿ ಇದ್ದಂಗ, ರಮಿಸಿನ ಕೆಲಸ ತಗೀಬೇಕು. ಸೀಳಿದ್ದಕ್ಕ ಬಿಳಿಗಾರ ಹಚ್ಚಿ ಬೆಸದ. ಕಾಟಾಚಮಚದಾಗ ಒಂದಕ್ಕ ಮೂರ ಮೊನಿ ಇದ್ದವು. ಅಂಚಿನ ಮೊನಿ ಎಂದೋ ಬುಡಕ್ಕ ಮುರದು ಹೋಗಿತ್ತು. ಅದರ ಸಂದ್ಯಾಗ ಏನೋ ಕೆಂಪಗ ಮೆತ್ತಿತ್ತು. ಅರ್ಜುನಪ್ಪನ ಕೈ ಒಂದು ಗಳಿಗಿ ನಿಂತಿತು. ಇಟ್ಟಂಗಿ ಪುಡಿ ಇರಬೇಕು ಅಂದುಕೊಂಡು ಬ್ರಶ್ಶಿಲೆ ತಿಕ್ಕಿಬಿಟ್ಟ.

ಬಾಜೂಕ ಗಡಿಯಾರ ರಿಪೇರಿ ಮಾಡೂ ಮೈನುದ್ದೀನ ಇಣಿಕಿ ನೋಡಿ, "ಏನ್ ಪತ್ತಾರ್ರ, ಹೋಟೆಲ್ ಇಡತೀರೇನು?" ಅಂತ ನಕ್ಕ.

"ಹೂಂನೋ, ನಿನಗ ಮೊದಲನೇ ತಾಟು," ಅಂದ ಅರ್ಜುನಪ್ಪ. ನಗಾಕೂ ತ್ರಾಣ ಇದ್ದಿಲ್ಲ ಅಂವಗ.

ಉಳದ ಕಾಟಾಚಮಚ ಮುಂದ ಇಟ್ಟುಕೊಂಡು, ಅವನ್ನ ನೋಡಿ ನೋಡಿ, ಮುರದದ್ದಕ್ಕ ನಾಕನೇ ಮೊನಿ ಮಾಡಿ ಬೆಸದ. ಅರ ಹಾಕಿದ, ಉಜ್ಜಿದ, ಅಂಟವಾಳ ನೊರಿಯಾಗ ತೊಳದ. ಬೆಳಕಿಗೆ ಹಿಡದು ನೋಡಿದ್ರ ಬೆಸಿಗಿ ಎಲ್ಲೂ ಕಾಣಲಿಲ್ಲ. ಎಷ್ಟೋ ದಿವಸದ ಮ್ಯಾಲ ಅಂವಗ ತನ್ನ ಕೈ ಮ್ಯಾಲ ತನಗ ಪ್ರೀತಿ ಬಂತು. ಮನಿಗೆ ಹೋಗಿ ಹೆಂಡತಿ ಶಂಕ್ರವ್ವಗ ಹೇಳಿಕೊಂಡ. ಆಕಿ "ಚಲೋ ಆತ್ ಬಿಡ್ರಿ, ಇನ್ನರ ಅಂಗಡಿ ಮುಚ್ಚಿ ಮನ್ಯಾಗ ಬಿದ್ದುಕೊಳ್ರಿ" ಅಂದ್ಲು.

ನೀಲಾ ಬಂದು ನೋಡಿ, ಕಣ್ಣಾಗ ನೀರು ತಂದು, ಸೆರಗಿನ್ಯಾಗ ಕಟ್ಟಿಕೊಂಡು ಹೋದ್ಲು. ಅಲ್ಲಿಗೆ ಮುಗೀತು ಅಂದುಕೊಂಡ ಅರ್ಜುನಪ್ಪ.

ಎಲ್ಲಿ ಮುಗೀತೈತಿ! ಒಂದಿನ ಅಂಗಡಿ ಬಾಗಲಾ ತಗಿಯೂದರೊಳಗ ನೀಲಾ ಕಟ್ಟಿ ಮ್ಯಾಲ ಕೂತಿದ್ಲು. ಮಾರಿ ಬಾಡಿತ್ತು, ತೆಲಿ ಬಾಚಿದ್ದಿಲ್ಲ. ಕೈಯಾಗ ಅರಿವ್ಯಾಗ ಸುತ್ತಿದ ಆ ಒಂದ ಕಾಟಾಚಮಚ.

"ಕಾಕಾ, ಇದು ಚಮಚ ಅಲ್ಲಂತ್ರಿ," ಅಂದ್ಲು. "ಇದು ನಮ್ಮ ಕರೆವ್ವ."

ಅರ್ಜುನಪ್ಪ ಕೀಲಿ ಪಕ್ಕಕ್ಕಿಟ್ಟು ಆಕಿ ಎದುರು ಕೂತ.

ನೀಲಾ ಹೇಳಿದ್ದು ಇಷ್ಟು. ಅವರ ದೇವರ ಜಗಲಿ ಮ್ಯಾಲ ಮನಿದೇವರು ಕರೆವ್ವ ಇದ್ಲು. ಮಣ್ಣಿನ ಗಡಿಗ್ಯಾಗ ಅಕ್ಕಿ ತುಂಬಿ ಅದರಾಗ ನಟ್ಟಿದ್ರು, ಮೈತುಂಬ ಕೆಂಪ ಖಣ ಸುತ್ತಿ ಮುಂದ ಹಿತ್ತಾಳಿ ಮಾರಿ ಕಟ್ಟಿದ್ರು. ಆಕಿಗೆ ನೀರು ಹಾಕಿ ಖಣ ಉಡಸಾಕಿ ಸಣ್ಣವ್ವ ಒಬ್ಬಾಕಿನ, ಅದೂ ಬಾಗಲಾ ಹಾಕ್ಕೊಂಡು. ಸೊಸಿ ನೀಲಾ ಇಷ್ಟು ವರ್ಷ ಕೈ ಮುಗದದ್ದು ಖಣಕ್ಕ, ಮಾರಿಗೆ. ಒಳಗಿನ ಮೈ ಆಕಿ ಒಮ್ಮೆನೂ ಕಂಡಿದ್ದಿಲ್ಲ. ಗ್ವಾಡಿ ಬಿದ್ದಾಗ ಗಡಿಗಿ ಒಡದು, ಖಣ, ಮಾರಿ ಎರಡೂ ಹೊಳಿ ಪಾಲಾಗಿ, ಆ ಬೆಳ್ಳಿ ಮೈ ಪೆಟಿಗ್ಯಾಗಿನ ಚಮಚದ ಜೋಡಿ ಒಂದ ಮಣ್ಣಾಗ ಕೂಡಿತ್ತು.

"ಅತ್ತಿ ದವಾಖಾನಿಯಿಂದ ಬಂದಾವರ, ಕರೆವ್ವ ಎಲ್ಲಿ ಅಂದ್ರು. ಹೊಳ್ಯಾಗ ಹೋದ್ಲು ಅತ್ತಿ ಅಂತ ನಾ ಅತ್ತೆ. ಬೆಳ್ಳಿ ಮೈಯಾಕಿ, ಮೂರು ಮೊನಿ ಅದಾವ, ಹಿಂದ ಸಿಂಹ ಐತಿ, ಮಣ್ಣಾಗ ಹುಡುಕು ಅಂದ್ರು. ಚಮಚ ಎಲ್ಲಾ ತಂದು ಮುಂದ ಇಟ್ಟೆ. ಕೈಯಾಡಿಸಿ ಇದನ್ನ ಎತ್ತಿದ್ರು. ಹಿಡಿಕಿ ಗುರ್ತು ಸಿಕ್ತು ಕಾಣತೈತಿ. ಮೊನಿ ಮುಟ್ಟಿ ನೋಡಿದ್ರು. ಬೆಂಕಿಗೆ ಹಾಕ್ಸಿದಿ? ಅಂದ್ರು. ಅಷ್ಟ. ಅವತ್ತಿನಿಂದ ನನ್ನ ಜೋಡಿ ಮಾತಿಲ್ಲ, ಅನ್ನ ಇಲ್ಲ. ಬರೇ ನೀರು. ಗುಳಗಿ ಸುದ್ದಾ ಉಗುಳತಾರ. ಸಾಯತಾರ ಕಾಕಾ ಅವರು. ನನ್ನ ಕೈಲೇ ಸತ್ತಂಗ ಆಗತೈತಿ. ಮೊದಲಿನಂಗ ಮಾಡಿ ಕೊಡ್ರಿ, ನಿಮ್ಮ ಕಾಲ್ಬೀಳತೀನಿ."

ಅರ್ಜುನಪ್ಪ ಆ ಕಾಟಾಚಮಚ ಇಸಕೊಂಡು ನೋಡಿದ. ಎಂಥಾ ಕೆಲಸ ಮಾಡಿದ್ನಿ! ಮೂರು ಮೊನಿ ನೆಟ್ಟಗ ನಿಂತದ್ದು ಕಂಡ್ರ ನಮ್ಮ ಕಡೆ ಮಂದಿ ಕೈ ತಾನ ಹಣಿಗೆ ಹೋಗತೈತಿ. ಎಷ್ಟೋ ಕಾಲದ ಹಿಂದ ಮುರದ ಒಂದು ಕಾಟಾಚಮಚ ಯಾವ ಮುದುಕಿ ಕಣ್ಣಿಗೋ ತ್ರಿಶೂಲ ಆಗಿ ಕಂಡು, ಕುಂಕುಮ ಏರಿಸಿಕೊಂಡು, ಜಗಲಿ ಹತ್ತಿ ಕರೆವ್ವ ಆಗಿತ್ತು. ಇಂವ ಅದನ್ನ ರಿಪೇರಿ ಮಾಡಿ ಮತ್ತ ಚಮಚ ಮಾಡಿದ್ದ. ಕೆಂಪಗ ಮೆತ್ತಿದ್ದು ಕುಂಕುಮ, ಇಟ್ಟಂಗಿ ಅಲ್ಲ.

ಮೊದಲಿನಂಗ ಮಾಡೂದು ಹ್ಯಾಂಗ? ಕತ್ತರಿಸಬೇಕು. ಪೂಜಿಯಾಗಿರೂ ದೇವರ ಮೈಗೆ ಪತ್ತಾರ ಕತ್ತರಿ ಹಚ್ಚಂಗಿಲ್ಲ. ಒಳಗ ಕರೆವ್ವ ಇದ್ದಾಳ ಅಂದ್ರ ಕತ್ತರಿಸೂದು ಪಾಪ. ನೀರಿಗೆ ಇಳಸದ ಸುಟ್ಟದ್ದಕ್ಕ ಆಕಿ ಎದ್ದು ಹೋಗ್ಯಾಳ ಅಂದ್ರ ಕತ್ತರಿಸಿ ಏನು ಬಂತು? ಅಲ್ಲಿ ಉಳದದ್ದು ಬರೇ ಮುರಕ ಚಮಚ.

"ಇದು ನನ್ನ ಕಡೆ ಇರ್ಲಿ, ನೀ ನಡಿ ತಂಗಿ. ನಾಳಿ ನಾನ ಬರತೀನಿ," ಅಂದ.

ಅವತ್ತ ಮಧ್ಯಾಹ್ನ ಶಂಕ್ರವ್ವ ಕಟ್ಟಿ ಕೊಟ್ಟ ಬುತ್ತಿ ಬಿಚ್ಚಲಿಲ್ಲ. ಸಂಜಿಮುಂದ ಮನಿಗೆ ಹೋದಾಗ ತಾಟೂ ಮುಟ್ಟಲಿಲ್ಲ. ದೇವರ ಮೈ ಕೆಲಸಕ್ಕ ತಗೊಂಡ ಪತ್ತಾರ ಅದು ಮತ್ತ ಜಗಲಿ ಏರೂ ತನಕ ಉಣ್ಣಂಗಿಲ್ಲ. ಅವರಪ್ಪ ಹಿಂಗ ಮಾಡತಿದ್ದ, ಮುತ್ಯಾನೂ ಮಾಡತಿದ್ದ.

"ಗೊತ್ತಿಲ್ಲದ ಮಾಡಿದ್ರಿ. ಗೊತ್ತಿಲ್ಲದ್ದಕ್ಕ ಯಾತರ ಉಪವಾಸ?" ಅಂತ ಶಂಕ್ರವ್ವ ಬೈದ್ಲು. "ಸಕ್ಕರಿ ಬ್ಯಾನಿ ಇದ್ದ ಮನಷ್ಯಾ ನೀವು. ನಡಹಾದ್ಯಾಗ ಬಿದ್ದ್ರ ಯಾರು ಎತ್ತತಾರ?"

"ಈಗ ಗೊತ್ತಾತಲ್ಲ," ಅಂದು ಮಾರಿಗೆ ಚಾದರ ಎಳಕೊಂಡ.

ಮರುದಿನ ಕತ್ತರಿ, ಅರ, ಒಂದು ತಂಬಗಿ ಚೀಲದಾಗ ಹಾಕ್ಕೊಂಡು ಬಸ್ ಹತ್ತಿದ. ಸೂಡಿ ದಾಟಿ ರೋಣ ಮುಟ್ಟೂದರೊಳಗ ಕಣ್ಣಿಗೆ ಕತ್ತಲಿ ಬರಾಕತ್ತಿತ್ತು. ರೋಣದಾಗ ಇಳದು ಹೊಳೆಮಣ್ಣೂರ ಬಸ್ಸಿಗೆ ಕಾಯೂ ಮುಂದ ಬಾಜೂಕ ಯಾರೋ ಮಿರ್ಚಿ ತಿನ್ನಾಕತ್ತಿದ್ರು. ಆ ವಾಸನಿಗೆ ಅರ್ಜುನಪ್ಪಗ ಅಳು ಬಂತು. ಖರೇನ ಹೇಳತೀನಿ, ಈ ವಯಸ್ಸಿನ್ಯಾಗ, ಬಸ್ ಸ್ಟ್ಯಾಂಡಿನ್ಯಾಗ ಕೂತು ಒಂದು ಮಿರ್ಚಿಗೆ ಅಳು ಬಂತು. ಇಷ್ಟು ವರ್ಷ ಮಂದಿ ಮುರದದ್ದನ್ನ ಕೂಡಸಿ ಕೂಡಸಿ, ಕಡೀಕ ತಾನ ಹೋಗಿ ಒಂದು ಮನಿ ಮುರದಿದ್ದ. ಎದ್ದು ಮನಿಗೆ ಹೋಗಿ ಮಲಗಿಬಿಡಲ್ಯಾ ಅಂದುಕೊಂಡ. ಅಷ್ಟೊತ್ತಿಗೆ ಬಸ್ ಬಂತು.

ಹೊಳೆಮಣ್ಣೂರಾಗ ನೀಲಾನ ಮನಿ ಅಂದ್ರ ಈಗ ಒಂದ ಖೋಲಿ, ಮ್ಯಾಲ ತಗಡು. ಗ್ವಾಡಿಗೆ ಎದಿಮಟ ನೀರಿನ ಗೆರಿ ಮೂಡಿತ್ತು. ಮೂಲ್ಯಾಗ ಇಟ್ಟಂಗಿ ಪೇರಿಸಿ ಹೊಸಾ ಜಗಲಿ ಮಾಡಿದ್ಲು, ಅದರ ಮ್ಯಾಲ ಏನೂ ಇದ್ದಿಲ್ಲ. ಸಣ್ಣವ್ವ ಗ್ವಾಡಿ ಕಡೆ ಮಾರಿ ಮಾಡಿ ಕೌದಿ ಹೊಚ್ಚಿಕೊಂಡು ಮಲಗಿದ್ಲು. ಕೌದಿ ಒಳಗ ಮನಷ್ಯಾರು ಅದಾರೋ ಇಲ್ಲೋ ಅನ್ನೂವಷ್ಟ ಸಣ್ಣಾಗಿದ್ಲು.

"ಅತ್ತಿ, ಗಜೇಂದ್ರಗಡದ ಪತ್ತಾರ ಕಾಕಾ ಬಂದಾರ್ರಿ," ಅಂದ್ಲು ನೀಲಾ. ಕೌದಿ ಮಿಸುಕಲಿಲ್ಲ.

ಅರ್ಜುನಪ್ಪ ನೆಲಕ್ಕ ಕೂತು ಅರಿವಿ ಬಿಚ್ಚಿ, ಕಾಟಾಚಮಚ ಮುಂದ ಇಟ್ಟು ಕೈ ಮುಗದ. "ಯವ್ವಾ, ತಪ್ಪು ನಿನ್ನ ಸೊಸಿದಲ್ಲ. ದೇವರದೇನರ ಐತೇನು ಅಂತ ನಾ ಕೇಳಬೇಕಿತ್ತು, ಕೇಳಲಿಲ್ಲ. ನೀರಿಗೆ ಇಳಸದ ಉರಿಗೆ ಹಿಡದ್ನಿ. ಬೈಯೂದಿದ್ರ ನನಗ ಬೈ. ಆಕಿ ಜೋಡಿ ಮಾತಾಡು."

ಹೊರಗ ಯಾರದೋ ಟ್ರ್ಯಾಕ್ಟರ್ ಹೋತು. ಆಮ್ಯಾಲ ಗ್ವಾಡಿ ಕಡೆಯಿಂದನ ಮಾತು ಬಂತು.

"ಆಕಿ ಮ್ಯಾಲ ನನಗ ಯಾತರ ಸಿಟ್ಟಪಾ? ಮಣ್ಣಾಗಿಂದ ಎತ್ತಿದಾಕಿ ಆಕಿ. ಬಿಟ್ಟು ಓಡಿದಾಕಿ ನಾನು."

ಬಾಗಲದಾಗ ನಿಂತಿದ್ದ ನೀಲಾ ಹೊಸ್ತಿಲ ಮ್ಯಾಲ ಕೂತ್ಲು.

"ನೀರು ಬಂತು ನೀರು ಬಂತು ಅಂದ್ರು," ಅಂದ್ಲು ಸಣ್ಣವ್ವ. "ಬೋಟಿನವರು ಕೈ ಹಿಡದು ಜಗ್ಗಿದ್ರು. ನಾ ಏನು ಹಿಡಕೊಂಡೆ ಗೊತ್ತೇನು? ಎಲಿ ಅಡಕಿ ಚಂಚಿ ಹಿಡಕೊಂಡೆ. ಒಂದು ಮಳ ದೂರದಾಗ ಕೂತಿದ್ಲು, ಕೈ ಚಾಚಿದ್ರ ಸಿಗತಿದ್ಲು. ದಿನಾ ಹೊತ್ತು ಹೊಂಟ್ರ ಯವ್ವಾ, ಯವ್ವಾ ಅಂದಾಕಿ, ಅಡಕಿ ಚಂಚಿ ಎತ್ತಿಕೊಂಡು ಆಕಿನ್ನ ನೀರಿಗೆ ಬಿಟ್ಟು ಹ್ವಾದೆ. ಮೊದಲ ನೀರಾಗ ಮುಳುಗಿದ್ಲು, ಆಮ್ಯಾಲ ಉರಿಯಾಗ ಬೆಂದ್ಲು. ಯಾವ ಮಾರಿ ಹೊತ್ತು ಆಕಿ ಮುಂದ ಕೂತು ತುತ್ತು ಎತ್ತಲಿ ನಾನು?"

ಸಮಾಧಾನದ ಮಾತು ಅರ್ಜುನಪ್ಪಗ ಎಂದೂ ಬರತಿದ್ದಿಲ್ಲ, ಅದರಾಗ ಹಸದ ಹೊಟ್ಟಿ. ಬಂದ ಕೆಲಸನ ಹಿಡದ.

"ನಾ ಹಚ್ಚಿದ ಮೊನಿ ತಗದ್ಬಿಡತೀನಿ ಯವ್ವಾ. ಈಗ ನೀರಿಗೆ ಇಳಸಿ, ಪದ್ಧತಿ ಪ್ರಕಾರ ಮಾಡತೀನಿ. ಮೊದಲಿನಂಗ ಆಗತಾಳ."

ಸಣ್ಣವ್ವ ಹೊಳ್ಳಿದ್ಲು. ಕಣ್ಣು ಒಳಗ ಹೋಗಿದ್ದವು. ಕೈ ಚಾಚಿ ಅದನ್ನ ಇಸಕೊಂಡು, ಹೆಬ್ಬಟ್ಟಿಲೆ ಮೊನಿ ಒಂದೊಂದ ಮುಟ್ಟಿದ್ಲು.

"ಇದರಾಗ ನಿಂದು ಯಾವುದು?"

ಅರ್ಜುನಪ್ಪ ತಗೊಂಡು ಬೆಳಕಿಗೆ ಹಿಡದ. ಅಂಚಿಂದು ಅನ್ನೂದು ಗೊತ್ತು. ಆದರ ಯಾವ ಅಂಚು? ಎಡಕಿನದೋ, ಬಲಕಿನದೋ? ತಿರುವಿ ಹಿಡದ್ರ ಎಡ ಬಲ ಆಗತೈತಿ. ಉಗುರಾಡಿಸಿ ನೋಡಿದ, ಚಾಳೀಸು ಒರಸಿ ನೋಡಿದ. ಬೆಸಿಗಿ ಗೆರಿ ಕಾಣದಂಗ ಉಜ್ಜಿದ್ದು ತಾನ ಅಲ್ಲೇನು.

"ನನಗೂ ಗೊತ್ತಾಗವಲ್ದು ಯವ್ವಾ," ಅಂದ. "ಕಾಸಿದ್ರ ಗೆರಿ ಮೂಡತೈತಿ. ಇನ್ನೊಮ್ಮೆ ಉರಿಗೆ ಹಿಡೀಬೇಕು."

"ಬ್ಯಾಡ," ಅಂದ್ಲು ಸಣ್ಣವ್ವ ಲಗುನ. "ಸಾಕು. ಎಷ್ಟಂತ ತಾಳತಾಳ ಆಕಿ?" ಹಂಗ ಅಂದು ಮತ್ತ ಮೊನಿ ನೋಡಿಕೋತ ಕೂತ್ಲು. "ಹಚ್ಚಿದಾಂವಗ ತಂದು ಯಾವುದು ಅಂತ ಗೊತ್ತಿಲ್ಲ ಅಂದ್ರ, ಇನ್ನ ಎಲ್ಲಾನೂ ಆಕೀದ ಬಿಡು."

ಅರ್ಜುನಪ್ಪ ಕತ್ತರಿ ಚೀಲದಾಗ ಇಡಾಕ ಹೋದ. ಕತ್ತರಿ ಕೈ ಜಾರಿ ಖಣ್ ಅಂತ ನೆಲಕ್ಕ ಬಿತ್ತು. ಎತ್ತಾಕ ಬಾಗಿದಾಂವ ಹಂಗ ಗ್ವಾಡಿಗೆ ಒರಗಿದ. ಹಣಿ ಮ್ಯಾಲ ಬೆವರು ಹನಿಗಟ್ಟಿತ್ತು.

ಸಣ್ಣವ್ವ ಅಂವನ್ನ ದಿಟ್ಟಿಸಿ ನೋಡಿದ್ಲು. "ಉಂಡು ಬಂದೀಯೇನು ನೀ?"

"ಇಲ್ಲ."

"ಯಾಕ?"

"ದೇವರು ಜಗಲಿ ಏರದ ನಾವು ಉಣ್ಣಂಗಿಲ್ಲ ಯವ್ವಾ. ಏರಿದ ಮ್ಯಾಲ ಮನಿ ಹಿರೇಮನಷ್ಯಾಳು ಬಡಿಸಿ, ಜೋಡಿ ಕೂತು ಉಣಬೇಕು. ನಿನ್ನಿ ಸುದ್ದಿ ತಿಳದಾಗಿಂದ ಹಂಗ ಅದೀನಿ."

"ಅಯ್ಯ ನಿನ್ನ! ಮುಂಜಾನಿಂದ ನನ್ನ ಮನ್ಯಾಗ ಹಸದು ಕೂತೀಯೇನು?" ಅಂದ್ಲು ಸಣ್ಣವ್ವ. ಆಕಿ ದನಿ ಮೊದಲನೇ ಸಲ ಏರಿತು. ಅಂವ ಬಂದು ಇನ್ನೂ ಅರ್ಧ ತಾಸು ಆಗಿದ್ದಿಲ್ಲ, ಆದರ ಅದನ್ನ ಹೇಳೂವಷ್ಟ ಉಸಿರು ಅಂವಗ ಇದ್ದಿಲ್ಲ.

ಸಣ್ಣವ್ವ ಗ್ವಾಡಿ ಹಿಡಕೊಂಡು ಎದ್ಲು. ನೀಲಾ ಓಡಿ ಬಂದ್ರ ಕೈ ಕೊಡವಿದ್ಲು. ತಂಬಗಿ ನೀರಿಲೆ ಕರೆವ್ವನ ಮೈ ತೊಳದ್ಲು, ತನ್ನ ಸೆರಗಿಲೆ ಒರಸಿದ್ಲು. ನಾಕೂ ಮೊನಿಗೆ ಕುಂಕುಮ ಹಚ್ಚಿದ್ಲು, ಒಂದಕ್ಕೂ ಬ್ಯಾರೆ ಮಾಡಲಿಲ್ಲ. ಒಂದು ಡಬ್ಬ್ಯಾಗ ರೇಶನ್ ಅಕ್ಕಿ ತುಂಬಿ, ಅದರಾಗ ನಟ್ಟು, ಇಟ್ಟಂಗಿ ಜಗಲಿ ಮ್ಯಾಲ ಇಟ್ಲು. ಸುತ್ತಾಕ ಖಣ ಇದ್ದಿಲ್ಲ. ಬರೇ ಮೈಲೇ ಕೂತ ಕರೆವ್ವನ ಮುಂದ ಹಣಿ ಹಚ್ಚಿ, "ಯವ್ವಾ, ನಾ ಬಿಟ್ಟು ಓಡಿದ್ನಿ, ನೀ ಬಿಡಲಿಲ್ಲ," ಅಂದು ಬಿಕ್ಕಿ ಬಿಕ್ಕಿ ಅತ್ಲು. ಅರ್ಜುನಪ್ಪ ಮಾರಿ ಆ ಕಡೆ ತಿರುವಿದ.

ಆಮ್ಯಾಲ ತಾಟು ಬಂದವು. ಸಣ್ಣವ್ವ ತಾನ ಕೈಮುಟ್ಟಿ ರೊಟ್ಟಿ ಬಡಿಸಿದ್ಲು, ಬದನಿಕಾಯಿ ಪಲ್ಲೆ ಹಾಕಿದ್ಲು, ಅಂವನ ಎದುರು ಕೂತ್ಲು. "ತಿನ್ನ ತಮ್ಮಾ," ಅಂದ್ಲು. "ನೀ ತಿಂದ್ರ ನಾ ತಿಂತೀನಿ." ಅರ್ಜುನಪ್ಪ ರೊಟ್ಟಿ ಮುರದ. ತುತ್ತು ಗಂಟಲಾಗ ಇಳಿಯೂದು ಅಂವಗ ತಿಳೀತಿತ್ತು. ಸಣ್ಣವ್ವ ಒಂದು ಚೂರು ಪಲ್ಲೆಕ ಒತ್ತಿ ಬಾಯಿಗೆ ಇಟ್ಟುಕೊಂಡು, ನಿಧಾನಕ ಅಗದು, ನುಂಗಿದ್ಲು. ನೀಲಾ ಒಲಿ ಮುಂದ ಕೂತು ನೋಡತಿದ್ಲು.

ಸಣ್ಣವ್ವ ಮಾರಿ ಕಿವುಚಿದ್ಲು.

"ಏ ನೀಲಾ," ಅಂದ್ಲು, "ಇದಕ್ಕ ಉಪ್ಪು ಯಾರು ಹಾಕಬೇಕು, ನಿಮ್ಮಪ್ಪ ಬರಬೇಕೇನು ಸೂಡಿಯಿಂದ?"

ನೀಲಾ "ತಂದ್ನ್ರಿ ಅತ್ತಿ, ತಂದ್ನ್ರಿ" ಅಂತ ಎದ್ಲು. ಉಪ್ಪಿನ ಡಬ್ಬಿ ಕೈಯಾಗ ಹಿಡಕೊಂಡು ಖೋಲಿ ತುಂಬ ಉಪ್ಪಿನ ಡಬ್ಬಿ ಹುಡುಕಿದ್ಲು.